ಮಟ್ಟುಗುಳ್ಳ ಅಲ್ಲ ಅಂದದ್ದು ನಾನೇ. ಆ ಅಮ್ಮ ಮತ್ತೆ ಬರಲಿಲ್ಲ

ಮುರಕಲ್ಲು_ಅಂಗಳ · ಉಡುಪಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇದು ಗಿಡದ ರೋಗದ ಬಗ್ಗೆ ಅಲ್ಲ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದಾಗ ಓದಿ.

ಕಳೆದ ತಿಂಗಳು ಕಲ್ಸಂಕದ ಹತ್ತಿರ ಒಬ್ಬರ ಟೆರೇಸಿನಲ್ಲಿ ನಮ್ಮ ಬೀಜ ಹಂಚುವ ಕೂಟ ಇತ್ತಲ್ಲ. ಆ ದಿನ ಮೊದಲ ಸಲ ಬಂದ ಒಬ್ಬರು ಅಮ್ಮ ಇದ್ದರು. ಅರವತ್ತು ದಾಟಿರಬೇಕು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿದ ಪುಟ್ಟ ಪುಟ್ಟ ಪೊಟ್ಟಣಗಳು. ಮೇಜಿನ ಮೂಲೆಯಲ್ಲಿ ಸಾಲಾಗಿ ಇಟ್ಟು, "ಇದು ಮಟ್ಟುಗುಳ್ಳದ ಬೀಜ, ನಮ್ಮ ಮನೆಯದ್ದೇ" ಅಂದರು. (ಗೊತ್ತಿಲ್ಲದವರಿಗೆ: ಗುಳ್ಳ ಅಂದರೆ ಉರುಟು ಬದನೆ, ಮಟ್ಟು ಅದು ಬೆಳೆಯುವ ಊರು.) ಮನೆ ಎಲ್ಲಿ ಅಂತ ಯಾರೋ ಕೇಳಿದರು. "ಬ್ರಹ್ಮಾವರದ ಹತ್ತಿರ" ಅಂದರು.

ನಾನು ಸುಮ್ಮನೆ ಇರಬಹುದಿತ್ತು. ಇರಲಿಲ್ಲ. "ಬ್ರಹ್ಮಾವರದಲ್ಲಿ ಬೆಳೆದದ್ದು ಮಟ್ಟುಗುಳ್ಳ ಹೇಗಾಗುತ್ತದೆ ಅಮ್ಮ? 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಮಟ್ಟು ಕಡೆ ಬೆಳೆದರೆ ಮಾತ್ರ ಆ ಹೆಸರು. ಇದು ಬರೀ ಗುಳ್ಳ" ಅಂದೆ. ಗಟ್ಟಿಯಾಗಿಯೇ ಅಂದೆ. ಹಿಂದಿನಿಂದ ಒಬ್ಬರು "ಹಾಗಾದರೆ ನನ್ನದು ಮಣಿಪಾಲ ಗುಳ್ಳ" ಅಂದರು. ಎಲ್ಲರೂ ನಕ್ಕರು. ಆ ಅಮ್ಮನೂ ನಕ್ಕರು. ಆಮೇಲೆ ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು. ಚಹಾ ಕೂಡ ಕುಡಿಯಲಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ಬೇರೆ ಊರಿನ ಗುಳ್ಳವನ್ನು ಆ ಹೆಸರಿನಲ್ಲಿ ಮಾರಿದರೆ ಮಟ್ಟುವಿನ ರೈತರ ಹೊಟ್ಟೆಗೆ ಹೊಡೆದ ಹಾಗೆ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಇವತ್ತಿನ ಕೂಟದಲ್ಲಿ ಅವರು ಕಾಣಲಿಲ್ಲ. ಬೆಳಿಗ್ಗೆಯಿಂದ ಅದೇ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಅವರಿಗೆ ಆ ಬೀಜ ಎಲ್ಲಿಂದ ಬಂತು ಅಂತ ಕೇಳಿದಿರಾ?"

ಕೇಳಿರಲಿಲ್ಲ.

ಈಗ ನನ್ನ ಪ್ರಶ್ನೆ. ನಾವೆಲ್ಲ ಹವ್ಯಾಸಕ್ಕೆ ಸೇರಿದವರು, ಯಾರಿಗೂ ಇಲ್ಲಿ ಸಂಬಳ ಇಲ್ಲ. ಒಬ್ಬರು ತಪ್ಪು ಹೇಳಿದರೆ ತಿದ್ದಬೇಕಾ, ಬೇಡವಾ? ತಿದ್ದುವುದಾದರೆ ಹೇಗೆ? ನಿಮಗೆ ಹೀಗೆ ಆದದ್ದುಂಟಾ?

---

ಮಲ್ಲಿಗೆ_ಕಟ್ಟೆ · ಶಂಕರಪುರ · ಭಾನುವಾರ ರಾತ್ರಿ 10:05

ಅಣ್ಣ, ನಿಮ್ಮ ಹೆಂಡತಿ ಸರಿಯಾದ ಜಾಗಕ್ಕೇ ಚಿವುಟಿದ್ದಾರೆ.

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಇಲ್ಲಿ ಮಲ್ಲಿಗೆಯ ಲೆಕ್ಕ ಗೊತ್ತುಂಟಲ್ಲ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಕಟ್ಟಲು ಕೂತೆ. ಮೊದಲ ಚೆಂಡು ಮುಗಿಸಿ ಅಜ್ಜಿಯ ಕೈಗೆ ಕೊಟ್ಟೆ. ಅವರಿಗೆ ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗಿದೆ, ಹೂ ಕಡಿಮೆ ಅಂತ. ಸುತ್ತ ಅತ್ತಿಗೆಯವರು, ಪಕ್ಕದ ಮನೆಯವರು ಎಲ್ಲ ಕೂತಿದ್ದರು. ಅಜ್ಜಿ ಹೇಳಿದ್ದು ಇಷ್ಟೇ: "ನನ್ನ ಕಣ್ಣು ಮಂಜಾಗಿದೆ ಮಗಾ, ಇದನ್ನೊಮ್ಮೆ ಎಣಿಸಿ ಕೊಡು." ಎಣಿಸಿದೆ. 760 ಇತ್ತು. ನಾನೇ ನಲವತ್ತು ಸೇರಿಸಿ ಕಟ್ಟಿದೆ.

ಅಜ್ಜಿಯ ಕಣ್ಣಿಗೆ ಎಂತದೂ ಆಗಿರಲಿಲ್ಲ. ಸೂಜಿಗೆ ನೂಲು ಅವರೇ ಪೋಣಿಸುತ್ತಿದ್ದರು.

ಹಾಗಂತ ಅಜ್ಜಿಯನ್ನು ದೇವರು ಮಾಡುವುದು ಬೇಡ. ಅದೇ ಅಜ್ಜಿ ನನ್ನ ಅಮ್ಮನಿಗೆ ಹತ್ತು ಜನರ ಎದುರು ಬೈದದ್ದನ್ನೂ ನೋಡಿದ್ದೇನೆ. ಮೊಮ್ಮಗಳಿಗೆ ಒಂದು, ಸೊಸೆಗೆ ಇನ್ನೊಂದು. ನಮ್ಮ ಬಳಗದಲ್ಲೂ ಹಾಗೆಯೇ ಅಲ್ವಾ? ಪರಿಚಯದವರ ತಪ್ಪು ತಮಾಷೆ, ಹೊಸಬರ ತಪ್ಪು ಮಾತ್ರ ತಪ್ಪು.

---

ಹಳೇ_ಹಾರೆ · ಕಾರ್ಕಳ · ಭಾನುವಾರ ರಾತ್ರಿ 10:31

ಇದೆಲ್ಲ ಸ್ವಲ್ಪ ಜಾಸ್ತಿ ಆಯಿತು. ಮುರಕಲ್ಲಿನವರು ಹೇಳಿದ್ದು ಸರಿ ಇತ್ತು, ಸರಿಯಾದದ್ದನ್ನು ಹೇಳಿದರು. ಅಷ್ಟಕ್ಕೇ ಬೇಜಾರಾದರೆ ಗಿಡ ಬೆಳೆಸುವುದು ಹೇಗೆ? ಹುಳ ಬಂದರೆ ಹುಳ ಎನ್ನಲೇ ಬೇಕು.

ಸೌಜನ್ಯದ ಮಾತು ಬಂದಾಗ ಯಾವಾಗಲೂ ಹಳಬರಿಗೇ ಪಾಠ. ಹೊಸಬರಿಗೆ ಎಂತದೂ ಇಲ್ಲವಾ? "ಬಸಳೆ ಎಲೆಯಲ್ಲಿ ಚುಕ್ಕೆ, ಎಂತ ಮಾಡುವುದು?" ಪ್ರಶ್ನೆ ಅಷ್ಟೇ. ಫೋಟೋ ಇಲ್ಲ. ನೆಲದಲ್ಲಿ ಉಂಟಾ, ಚಟ್ಟಿಯಲ್ಲಿ ಉಂಟಾ ಗೊತ್ತಿಲ್ಲ. ಬಿಸಿಲು, ನೀರು, ಗೊಬ್ಬರ, ಒಂದರ ಸುದ್ದಿಯೂ ಇಲ್ಲ. ನಾನು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಅರ್ಧ ಗಂಟೆ ಬರೆದರೆ, ಆ ಕಡೆಯಿಂದ "ಸರಿ" ಅಂತ ಎರಡು ಅಕ್ಷರ ಕೂಡ ಬರುವುದಿಲ್ಲ. ನಾಲ್ಕು ದಿನ ಬಿಟ್ಟು ಇನ್ನೊಬ್ಬರದ್ದು ಅದೇ ಪ್ರಶ್ನೆ.

ಹೋದ ವರ್ಷ ಅಲಸಂಡೆ ಬೀಜ ಹಂಚಿದೆ. ಮೊಳಕೆ ಬಂತು, ಬರಲಿಲ್ಲ, ಇಲಿ ತಿಂದಿತು, ಎಂತದಾದರೂ ಹೇಳಬಹುದಲ್ಲ. ಇಬ್ಬರು ಹೇಳಿದರು. ಇಬ್ಬರು! ಬೀಜ ಕೊಟ್ಟವನಿಗೆ ಬೇಕಾದದ್ದು ಹೊಗಳಿಕೆ ಅಲ್ಲ. ಆ ಬೀಜ ಬೇರೆ ಮಣ್ಣಿನಲ್ಲಿ ಹೇಗೆ ಬಂತು ಅನ್ನುವ ಸುದ್ದಿ.

---

ಟೆರೇಸ್_ಮನೋಳಿ · ಸುರತ್ಕಲ್ · ಭಾನುವಾರ ರಾತ್ರಿ 10:48

ಹಾರೆ ಮಾವ, ಆ ಇಬ್ಬರಲ್ಲಿ ನಾನೊಬ್ಬಳು. ಅಲಸಂಡೆ ಈ ವರ್ಷವೂ ಉಂಟು, ಬೀಜ ಇಟ್ಟಿದ್ದೇನೆ.

ಆದರೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ, ಸಿಟ್ಟು ಮಾಡಬೇಡಿ. ಎರಡು ವರ್ಷದ ಹಿಂದೆ ಬಸಳೆ ಚುಕ್ಕೆಯ ಪ್ರಶ್ನೆ ಕೇಳಿದವಳೂ ನಾನೇ. ನೀವು "ಇದನ್ನು ಹತ್ತು ಸಲ ಹೇಳಿ ಆಗಿದೆ" ಅಂತ ಬರೆದಿರಿ. ನಾನು ಆರು ತಿಂಗಳು ಬಾಯಿ ಬಿಡಲಿಲ್ಲ. ಬಸಳೆ ಚಪ್ಪರ ಪೂರ್ತಿ ಹೋಯಿತು. ಆಮೇಲೆ ಒಂದು ದಿನ ಧೈರ್ಯ ಮಾಡಿ ಫೋನ್ ಮಾಡಿದೆ. ಮಾವ, ನೀವು ಮುಕ್ಕಾಲು ಗಂಟೆ ಮಾತಾಡಿದಿರಿ. ಎಲೆಯ ಮೇಲೆ ನೀರು ಹೊಯ್ಯಬೇಡ, ಬುಡಕ್ಕೆ ಹಾಕು, ಚುಕ್ಕೆಯ ಎಲೆ ಕಿತ್ತು ಸುಡು, ಬಳ್ಳಿ ದಟ್ಟ ಆಗಲು ಬಿಡಬೇಡ, ಗಾಳಿ ಆಡಲಿ. ನಡುವೆ "ಊಟ ಆಯಿತಾ" ಅಂತಲೂ ಕೇಳಿದಿರಿ.

ಮಾತಿನಲ್ಲಿ ನೀವು ಬೆಲ್ಲ. ಬರೆದರೆ ಮಾತ್ರ ಹಾಗಲಕಾಯಿ. ಬರೆದದ್ದರಲ್ಲಿ ನಿಮ್ಮ ನಗು ಕಾಣುವುದಿಲ್ಲವಲ್ಲ, ಅದಕ್ಕೆ.

---

ಹಳೇ_ಹಾರೆ · ಕಾರ್ಕಳ · ಭಾನುವಾರ ರಾತ್ರಿ 10:55

ಹಾಗೆ ಬರೆದದ್ದು ನೆನಪಿಲ್ಲ. ಬರೆದಿರಬಹುದು.

---

ಘಟ್ಟದ_ಮೇಲಿನವ · ಮಣಿಪಾಲ · ಸೋಮವಾರ ಬೆಳಿಗ್ಗೆ 7:12

ನಾನು ಹಾಸನ ಕಡೆಯವನು, ಇಲ್ಲಿ ಕೆಲಸಕ್ಕೆ ಬಂದು ಮೂರು ವರ್ಷ. ನಿಮ್ಮ ಕೂಟಕ್ಕೆ ಮೊದಲ ಸಲ ಬಂದಾಗ ದಂಟಿನ ಬೀಜ ಕೇಳಿದೆ. ಒಬ್ಬರು ನನ್ನ ಮುಖ ನೋಡಿ, "ದಂಟಾ? ಎಂತದರ ದಂಟು? ನುಗ್ಗೆಯದ್ದಾ, ಕೆಸುವಿನದ್ದಾ?" ಅಂದರು. ಪಕ್ಕದವರು ಕಿಸಕ್ಕಂದರು. ಇನ್ನೊಬ್ಬರು "ಅಂಥದ್ದು ಇಲ್ಲಿ ಬೆಳೆಯುವುದಿಲ್ಲ" ಅಂತ ತೀರ್ಮಾನ ಕೊಟ್ಟರು. ನಾನು ಬರೀ ಕೈಯಲ್ಲಿ ರೂಮಿಗೆ ಹೋದೆ.

ಆಮೇಲೆ ತಿಳಿಯಿತು. ನಮ್ಮ ಕಡೆಯ ದಂಟಿನ ಸೊಪ್ಪು ಅಂದರೆ ನಿಮ್ಮ ಹರಿವೆ! ಅದೇ ಮೇಜಿನ ಮೇಲೆ ಕೆಂಪು ಹರಿವೆ, ಬಿಳಿ ಹರಿವೆ ಎರಡೂ ಇತ್ತು. ನನ್ನ ಮೂಗಿನ ಕೆಳಗೇ.

ತುಳುವಿನಲ್ಲಿ ಅದೇ ಪದ್ಪೆಯಂತೆ. ತೊಂಡೆಕಾಯಿಗೆ ಮನೋಳಿ. ಬಸಳೆಗೆ ಕೊಂಕಣಿಯವರು ವಾಳಿ ಅಂತಾರೆ. ಒಂದೇ ಬೀದಿಯಲ್ಲಿ ಒಂದು ಬಳ್ಳಿಗೆ ಮೂರು ಹೆಸರು ಇಟ್ಟುಕೊಂಡಿರುವ ಊರು ನಿಮ್ಮದು. ಇಲ್ಲಿ ಹೆಸರು ತಪ್ಪು ಅಂತ ಯಾರು ಯಾರಿಗೆ ಹೇಳುವುದು ಸ್ವಾಮಿ? "ಅದು ನೋಡಲು ಹೇಗಿರುತ್ತದೆ?" ಅಂತ ಅವತ್ತು ಒಬ್ಬರು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

(ಈಗ ನಮ್ಮ ಬಾಲ್ಕನಿಯಲ್ಲಿ ಹರಿವೆ ಉಂಟು. ನೋಡಿ, "ಉಂಟು" ಅನ್ನುವುದನ್ನೂ ಕಲಿತೆ.)

---

ಚಟ್ಟಿ_ಮಣ್ಣು · ಮಣಿಪಾಲ · ಸೋಮವಾರ ಬೆಳಿಗ್ಗೆ 8:20

"ಮಣಿಪಾಲ ಗುಳ್ಳ" ಅಂದದ್ದು ನಾನು.

ಮುರಕಲ್ಲಿನವರು ತಮ್ಮ ಮೇಲೆಯೇ ಎಲ್ಲ ಹಾಕಿಕೊಂಡಿದ್ದಾರೆ, ನನಗೆ ಓದಿ ಕಸಿವಿಸಿ ಆಯಿತು. ಅವರು ತಿದ್ದಿದ್ದು ಒಂದು. ನಾನು ಅದನ್ನು ಜೋಕ್ ಮಾಡಿದ್ದು ಇನ್ನೊಂದು. ತಿದ್ದಿದ್ದಕ್ಕೆ ಆ ಅಮ್ಮ ಉತ್ತರ ಕೊಡಬಹುದಿತ್ತು. ಇಪ್ಪತ್ತು ಜನ ನಕ್ಕ ಮೇಲೆ ಎಂತ ಉತ್ತರ ಕೊಡುವುದು? ಆ ಗಳಿಗೆಯಲ್ಲಿ ಎಲ್ಲರೂ ನಕ್ಕದ್ದು ನನಗೆ ಖುಷಿ ಕೊಟ್ಟಿತ್ತು, ಅದನ್ನೂ ಹೇಳಿಬಿಡುತ್ತೇನೆ.

---

ಅಡಿಕೆ_ಮನೆಯವ · ಕದ್ರಿ, ಮಂಗಳೂರು · ಸೋಮವಾರ ಮಧ್ಯಾಹ್ನ 1:35

ಊಟದ ಬಿಡುವಿನಲ್ಲಿ ಓದಿದೆ. ಎಲ್ಲರೂ ಮೆತ್ತಗೆ ಮಾತಾಡುವ ಬಗ್ಗೆ ಹೇಳಿದ್ದೀರಿ. ನಾನು ಸ್ವಲ್ಪ ಆಚೆಯ ಕಡೆಯದ್ದು ಹೇಳುತ್ತೇನೆ. ಸೌಜನ್ಯ ಅಂತ ಸುಮ್ಮನಿದ್ದು ನಾನು ಒಂದು ತೋಟ ಸುಟ್ಟಿದ್ದೇನೆ.

ನಮ್ಮದು ಅಡಿಕೆ ಮನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಟೆರೇಸಿನವರಿಗೆ ಇಷ್ಟೆಲ್ಲ ಬೇಡ, ಒಂದು ಲೀಟರಿಗೆ ಎರಡೂ 10 ಗ್ರಾಂ ಸಾಕು. ಎರಡು ವರ್ಷದ ಹಿಂದೆ, ಮಳೆಗಾಲಕ್ಕೆ ಮೊದಲು, ನಮ್ಮ ಬಳಗದ ಹಿರಿಯರೊಬ್ಬರು ಹೊಸಬರಿಗೆ ಹೇಳುತ್ತಿದ್ದರು, ಲೀಟರಿಗೆ 100 ಗ್ರಾಂ ಮೈಲುತುತ್ತು ಅಂತ. ಬಾಯಿ ತಪ್ಪಿ ಒಂದು ಸೊನ್ನೆ ಜಾಸ್ತಿ ಬಂದದ್ದು. ನನಗೆ ಅಲ್ಲೇ ಗೊತ್ತಾಯಿತು. ಆದರೆ ಅವರು ನನ್ನ ಅಪ್ಪನ ಪ್ರಾಯದವರು. ಎಲ್ಲರ ಎದುರು ಹೇಗೆ ಹೇಳುವುದು ಅಂತ ಸುಮ್ಮನಾದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಮರೆತೆ.

ಒಂದು ವಾರದಲ್ಲಿ ಒಬ್ಬ ಹುಡುಗಿಯ ಇಡೀ ಟೆರೇಸಿನ ಗಿಡಗಳ ಎಲೆ ಕರಟಿ ಹೋಯಿತು. ಕಾಳುಮೆಣಸು, ಮಲ್ಲಿಗೆ, ಟೊಮೆಟೊ, ಎಲ್ಲ. ಅವಳು ತನ್ನದೇ ತಪ್ಪು ಅಂದುಕೊಂಡು ಗಿಡ ಸಾಕುವುದನ್ನೇ ಬಿಟ್ಟಳು. ನಾನು ಹೋಗಿ ಹೇಳುವಷ್ಟರಲ್ಲಿ ಚಟ್ಟಿಗಳನ್ನೂ ಯಾರಿಗೋ ಕೊಟ್ಟಾಗಿತ್ತು.

ಹಾಗಾಗಿ ನನ್ನ ಲೆಕ್ಕ ಬೇರೆ. ಹೆಸರು ತಪ್ಪಿದರೆ, ಉಚ್ಚಾರ ತಪ್ಪಿದರೆ, ಬಿಡಿ, ಆಮೇಲೆ ಬದಿಗೆ ಕರೆದು ಹೇಳಿ. ಮದ್ದಿನ ಪ್ರಮಾಣ ತಪ್ಪಿದರೆ ಅಲ್ಲೇ, ಆಗಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿ. ಹಿರಿಯರಿಗೆ ಬೇಜಾರಾದರೆ ಆಗಲಿ. "ಸೊನ್ನೆ ಒಂದು ಜಾಸ್ತಿ ಆಯಿತೇನೋ, 10 ಗ್ರಾಂ ಅಲ್ವಾ ಅಣ್ಣ?" ಅಂದಿದ್ದರೆ ಅವರಿಗೆ ಬೇಜಾರೂ ಆಗುತ್ತಿರಲಿಲ್ಲ ಅಂತ ಈಗ ಹೊಳೆಯುತ್ತದೆ.

---

ಹಳೇ_ಹಾರೆ · ಕಾರ್ಕಳ · ಸೋಮವಾರ ಮಧ್ಯಾಹ್ನ 2:10

ಇದು ಸರಿಯಾದ ಮಾತು. ಓದುವವರಿಗಾಗಿ ಇನ್ನೆರಡು ಸೇರಿಸುತ್ತೇನೆ. ಮೈಲುತುತ್ತು ಬೇರೆ, ಸುಣ್ಣ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗಲ್ಲ. ಆದ ಮೇಲೆ ತಿಕ್ಕಿ ಹೊಳಪು ಬಂದ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಕಡಿಮೆ ಅಂತ, ಇನ್ನಷ್ಟು ಸುಣ್ಣ ಹಾಕಿ. ಮಾಡಿದ ದಿನವೇ ಸಿಂಪಡಿಸಿ ಮುಗಿಸಿ.

100 ಗ್ರಾಂ ಅಂದ ಹಿರಿಯರು ಯಾರು ಅಂತ ನನಗೆ ಒಂದು ಅಂದಾಜು ಉಂಟು. ಕಾರ್ಕಳದವರಾ?

---

ಅಡಿಕೆ_ಮನೆಯವ · ಕದ್ರಿ, ಮಂಗಳೂರು · ಸೋಮವಾರ ಮಧ್ಯಾಹ್ನ 2:14

ಹೆಸರು ಬೇಡ ಅಣ್ಣ.

---

ಹಳೇ_ಹಾರೆ · ಕಾರ್ಕಳ · ಸೋಮವಾರ ಮಧ್ಯಾಹ್ನ 2:40

ಸರಿ. ಆ ಹುಡುಗಿಯ ನಂಬರ್ ಇದ್ದರೆ ನನಗೆ ಬೇರೆಯಾಗಿ ಕಳಿಸು. ಚಟ್ಟಿ, ಮಣ್ಣು, ಸಸಿ ನಾನೇ ತಲುಪಿಸುತ್ತೇನೆ.

---

ಕುದನೆ_ಕಸಿ · ಕಟಪಾಡಿ · ಸೋಮವಾರ ಸಂಜೆ 6:50

ಹಾರೆಯವರ ಮೇಲಿನ ಮಾತು ಓದಿ ಎರಡು ನಿಮಿಷ ಸುಮ್ಮನೆ ಕೂತೆ.

ನನ್ನದೂ ಒಂದು, ಬದನೆಯದ್ದೇ. ನಾಲ್ಕು ವರ್ಷದ ಹಿಂದೆ ನನ್ನ ಬದನೆ ಗಿಡಗಳು ಕಾಯಿ ಬಿಡುವ ಹೊತ್ತಿಗೆ ಒಂದೊಂದಾಗಿ ಬಾಡಿದವು. ಎಲೆ ಹಸಿರೇ ಉಂಟು, ಆದರೆ ಗಿಡ ಸೋತು ಜೋತು ಬಿದ್ದಿದೆ. ಬಳಗದಲ್ಲಿ ಕೇಳಿದೆ. ಮೊದಲ ಉತ್ತರ: "ನೀರು ಹಾಕಲು ಪುರುಸೊತ್ತಿಲ್ಲದವರು ಗಿಡ ಯಾಕೆ ಸಾಕುವುದು?" ನನಗೆ ಆಗ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ನಿದ್ದೆಗಣ್ಣಿನಲ್ಲಿ ಎರಡೆರಡು ಕೊಡ ಜಾಸ್ತಿ ನೀರು ಹಾಕಿದೆ. ಗಿಡ ಇನ್ನೂ ಬೇಗ ಸತ್ತವು.

ಆಗ ಇನ್ನೊಬ್ಬರು ಬರೆದರು. "ಬಾಡಿದ ಗಿಡದ ಬುಡದ ಹತ್ತಿರ ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿಯನ್ನು ನೀರಿಗೆ ಮುಟ್ಟಿಸಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಎಂತ ಕಂಡಿತು ಹೇಳಿ." ಅಷ್ಟೇ, ತೀರ್ಪು ಇಲ್ಲ. ಹಾಗೆಯೇ ಮಾಡಿದೆ. ಕಾಂಡದಿಂದ ಹಾಲಿನಂಥ ಎಳೆ ನೀರಿಗೆ ಇಳಿಯಿತು. ಅದು ಸೊರಗು ರೋಗ, ಬ್ಯಾಕ್ಟೀರಿಯಾದಿಂದ ಬರುವುದು. ಮಣ್ಣಿನಲ್ಲೇ ಇರುತ್ತದೆ. ಎಷ್ಟು ನೀರು ಹಾಕಿದರೂ ಪ್ರಯೋಜನ ಇಲ್ಲ. ನಮ್ಮ ಕರಾವಳಿಯ ಹುಳಿ ಮಣ್ಣಿನಲ್ಲಿ ಅದರ ಕಾಟ ಇದ್ದದ್ದೇ.

ಅವರೇ ಆಮೇಲೆ ಕುದನೆ ಅನ್ನುವ ಕಾಡುಬದನೆ ಗಿಡಕ್ಕೆ ಬದನೆ ಕಸಿ ಕಟ್ಟುವುದನ್ನು ಕಲಿಸಿದರು. ಕುದನೆಯ ಬೇರು ಆ ರೋಗವನ್ನು ತಡೆಯುತ್ತದೆ, ಮೇಲೆ ಬದನೆ ಕಾಯುತ್ತದೆ. ನನ್ನ ಹೆಸರಿನ ಕಥೆ ಇದು. ಮೊದಲ ಉತ್ತರ ಕೊಟ್ಟವರಿಗೂ ಕೆಟ್ಟ ಮನಸ್ಸಿತ್ತು ಅಂತ ನನಗೆ ಅನಿಸುವುದಿಲ್ಲ. ಅವರಿಗೆ ಉತ್ತರ ಗೊತ್ತಿರಲಿಲ್ಲ, ಆದರೆ ಎಂತದಾದರೂ ಹೇಳಬೇಕಿತ್ತು.

---

ಹೂವಿನ_ಕಳ್ಳಿ · ಬಿಜೈ, ಮಂಗಳೂರು · ಸೋಮವಾರ ರಾತ್ರಿ 8:02

ವಿಷಯ ಬೇರೆ, ಕ್ಷಮಿಸಿ. ಸೌಜನ್ಯದ ಮಾತು ಬಂತಲ್ಲ ಅಂತ ಕೇಳುತ್ತೇನೆ. ಹೋದ ಕೂಟದಲ್ಲಿ ನಮ್ಮ ಮನೆಯ ದಾಸವಾಳದ ಗೆಲ್ಲು ನಾಲ್ಕು ಮಾಯ ಆಗಿದೆ. "ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ" ಅಂತ ಎಲ್ಲರೂ ಹೇಳುತ್ತೀರಿ, ಸರಿ. ಮುರಿಯುವುದಾದರೆ ಕತ್ತರಿಯಲ್ಲಿ ಮುರಿಯಿರಿ ಮಾರಾಯ್ರೆ. ಸಿಪ್ಪೆ ಸಿಗಿದು ಹೋಗಿದೆ.

---

ಟೆರೇಸ್_ಮನೋಳಿ · ಸುರತ್ಕಲ್ · ಸೋಮವಾರ ರಾತ್ರಿ 8:06

ಹೆಸರು "ಹೂವಿನ_ಕಳ್ಳಿ" ಅಂತ ಇಟ್ಟುಕೊಂಡು ಈ ದೂರಾ ಅಕ್ಕ? 😄

---

ಬ್ರಹ್ಮಾವರದ_ಸೊಸೆ · ಬ್ರಹ್ಮಾವರ · ಮಂಗಳವಾರ ಬೆಳಿಗ್ಗೆ 11:15

ನಮಸ್ಕಾರ. ನಾನು ಇವತ್ತೇ ಇಲ್ಲಿ ಸೇರಿದ್ದು. ಪರಿಚಯದವರೊಬ್ಬರು ಇದನ್ನು ತೋರಿಸಿ, "ಇದು ನಿಮ್ಮ ಅತ್ತೆಯ ಕಥೆಯೇ ಅಲ್ವಾ" ಅಂತ ಕೇಳಿದರು. ಹೌದು, ಅವರೇ. ಅತ್ತೆಗೆ ಮೊಬೈಲಿನಲ್ಲಿ ಬರೆಯಲು ಬರುವುದಿಲ್ಲ. ನಾನು ಎಲ್ಲವನ್ನೂ ಓದಿ ಹೇಳಿದೆ. ಅವರು ಹೇಳಿದ್ದನ್ನು ಬರೆಯುತ್ತೇನೆ.

ಅತ್ತೆಯ ತವರು ಮಟ್ಟು. ಅಲ್ಲಿಂದ ಬ್ರಹ್ಮಾವರಕ್ಕೆ ಮದುವೆಯಾಗಿ ಬರುವಾಗ ಅವರ ಅಮ್ಮ ಬೂದಿಯಲ್ಲಿ ಕಲಸಿದ ಗುಳ್ಳದ ಬೀಜವನ್ನು ಒಂದು ಬಟ್ಟೆಯ ತುಂಡಿನಲ್ಲಿ ಕಟ್ಟಿ ಕೊಟ್ಟಿದ್ದರಂತೆ. ಅಲ್ಲಿಂದ ಇಲ್ಲಿಯವರೆಗೆ ವರ್ಷ ವರ್ಷ ಬೀಜ ಇಟ್ಟುಕೊಂಡು ಬಂದಿದ್ದಾರೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅದು ಅನ್ನುವ ಕಥೆಯನ್ನು ನನ್ನ ಮಕ್ಕಳಿಗೆ ಹೇಳಿಯೇ ಊಟ ಮಾಡಿಸಿದವರು ಅವರು.

ಜಿಐ ಅಂದರೆ ಎಂತ ಅಂತ ಅವತ್ತು ಮನೆಗೆ ಬಂದು ನನ್ನಲ್ಲಿ ಕೇಳಿದರು. ಹೇಳಿದೆ. "ಅದು ಸರಿ. ಊರಿನವರ ಹೆಸರು ಊರಿನವರಿಗೇ ಇರಬೇಕು. ಆದರೆ ನಾನು ಮಾರಲು ಹೋದದ್ದಾ?" ಅಂದರು. ಅಷ್ಟೇ. ಸಿಟ್ಟು ಅಂತ ಅನಿಸಲಿಲ್ಲ.

ಮುರಕಲ್ಲಿನವರು ಈ ತಿಂಗಳು ಅವರು ಬರಲಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೀರಿ. ಅದು ನಿಮ್ಮಿಂದ ಅಲ್ಲ, ಕಾಪುವಿನಲ್ಲಿ ಒಂದು ಮದುವೆ ಇತ್ತು. ಅವರಿಗೆ ಬೇಜಾರಾದದ್ದು ಬೇರೆ. ಹನ್ನೆರಡು ಪೊಟ್ಟಣ ತಂದಿದ್ದರು. ಹೊರಡುವಾಗ ನೋಡಿದರೆ ಹನ್ನೆರಡೂ ಅಲ್ಲೇ ಇದ್ದವು. ಬೇರೆಯವರದ್ದೆಲ್ಲ ಖಾಲಿ. ವಾಪಸ್ ಚೀಲಕ್ಕೆ ತುಂಬಿಸಿಕೊಳ್ಳಲು ನಾಚಿಕೆಯಾಗಿ, ಚೀಲವನ್ನೂ ಅಲ್ಲೇ ಬಿಟ್ಟು ಬಂದಿದ್ದಾರೆ. ಬಸ್ಸಿನಲ್ಲಿ ಇಡೀ ದಾರಿ ಅದೇ ಯೋಚನೆಯಂತೆ. "ಮಟ್ಟುಗುಳ್ಳ ಅಲ್ಲ ಅಂದರೆ ಆಯಿತು, ಬರೀ ಗುಳ್ಳವೂ ಯಾರಿಗೂ ಬೇಡವಾ?"

ಮುಂದಿನ ತಿಂಗಳು ಬರುತ್ತೀರಾ ಅಂತ ಕೇಳಿದೆ. "ನೋಡುವ" ಅಂದರು. ನಮ್ಮ ಕಡೆ "ನೋಡುವ" ಅಂದರೆ ಎಂತ ಅಂತ ನಿಮಗೆ ಹೇಳಬೇಕಾಗಿಲ್ಲ.

---

ಮುರಕಲ್ಲು_ಅಂಗಳ · ಉಡುಪಿ · ಮಂಗಳವಾರ ಮಧ್ಯಾಹ್ನ 12:02

ಅಕ್ಕ, ನಿಮ್ಮ ಅತ್ತೆಗೆ ಇದನ್ನು ಓದಿ ಹೇಳಿ.

ಅಮ್ಮ, ತಪ್ಪಾಯಿತು. ಬೀಜ ಎಲ್ಲಿಂದ ಬಂತು ಅಂತ ನಾನು ಕೇಳಬೇಕಿತ್ತು. ಕೇಳಿದ್ದರೆ ನಿಮ್ಮ ತವರಿನ ಕಥೆ ಅಲ್ಲೇ ಎಲ್ಲರಿಗೂ ಸಿಗುತ್ತಿತ್ತು. ನಾನು ಹೆಸರಿನ ಬಗ್ಗೆ ಮಾತಾಡಿದೆ, ಕೈಯಲ್ಲಿದ್ದ ಬೀಜವನ್ನು ನೋಡಲೇ ಇಲ್ಲ. ಪೊಟ್ಟಣ ತೆಗೆದುಕೊಳ್ಳದವರಲ್ಲಿ ನಾನೂ ಒಬ್ಬ. ಅಷ್ಟು ಮಾತಾಡಿದ ಮೇಲೆ ಕೈ ಚಾಚಲು ನನಗೇ ಮುಜುಗರ ಆಗಿತ್ತು. ಉಳಿದವರು ನನ್ನನ್ನು ನೋಡಿ ಸುಮ್ಮನಾದರು ಅಂತ ಕಾಣುತ್ತದೆ.

---

ಚಟ್ಟಿ_ಮಣ್ಣು · ಮಣಿಪಾಲ · ಮಂಗಳವಾರ ಮಧ್ಯಾಹ್ನ 12:20

ನಾನು ನಕ್ಕು ನಗಿಸಿದ ಮೇಲೆ ಆ ಪೊಟ್ಟಣ ತೆಗೆದರೆ ಅವರೂ ನಗೆಪಾಟಲು ಆಗುತ್ತಿದ್ದರು. ಯಾರು ತೆಗೆಯುತ್ತಾರೆ? ಅಮ್ಮ, ನನ್ನನ್ನೂ ಕ್ಷಮಿಸಿ. ಬ್ರಹ್ಮಾವರಕ್ಕೆ ಬಂದು ಕೇಳಿ ತೆಗೆದುಕೊಂಡು ಹೋಗಬಹುದಾ? ನಿಮಗೆ ತೊಂದರೆ ಇಲ್ಲದ ದಿನ ಹೇಳಿ.

---

ಕಲ್ಸಂಕ_ಟೆರೇಸ್ · ಉಡುಪಿ · ಮಂಗಳವಾರ ಮಧ್ಯಾಹ್ನ 1:45

ಆ ದಿನದ ಕೂಟ ನಮ್ಮ ಮನೆಯಲ್ಲೇ ಆದದ್ದು. ಬಟ್ಟೆಯ ಚೀಲ ನಮ್ಮಲ್ಲಿ ಉಂಟು, ಒಗೆದು ಇಟ್ಟಿದ್ದೇನೆ. ಯಾರದ್ದು ಅಂತ ಗೊತ್ತಾಗದೆ ಕಾಯುತ್ತಿದ್ದೆ. ಕೂಟದಲ್ಲಿ ಕೇಳಿದರಾಯಿತು ಅಂದುಕೊಂಡು, ಅಲ್ಲಿ ಚಹಾದ ಗಡಿಬಿಡಿಯಲ್ಲಿ ಬಿಟ್ಟುಹೋಯಿತು.

ಹನ್ನೆರಡು ಪೊಟ್ಟಣದಲ್ಲಿ ಒಂದನ್ನು ನಾನು ಬಿಚ್ಚಿ ಬಿತ್ತಿದ್ದೇನೆ. ಸುಡುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಮರಳು. ಒಂಬತ್ತನೇ ದಿನಕ್ಕೆ ಮೊಳಕೆ ಬಂತು. 30 ಬೀಜದಲ್ಲಿ 26. ಪೇಟೆಯಿಂದ ತಂದ ಪ್ಯಾಕೆಟಿನಲ್ಲಿ ಇಷ್ಟು ಬಂದದ್ದು ನನಗೆ ನೆನಪಿಲ್ಲ. ಕೇಳದೆ ಬಿಚ್ಚಿದ್ದಕ್ಕೆ ಬೈಯಬೇಡಿ ಅಮ್ಮ. ಉಳಿದ ಹನ್ನೊಂದು ಹಾಗೆಯೇ ಉಂಟು.

---

ಹಳೇ_ಹಾರೆ · ಕಾರ್ಕಳ · ಮಂಗಳವಾರ ಮಧ್ಯಾಹ್ನ 2:30

ಬ್ರಹ್ಮಾವರದ ಸೊಸೆಗೆ. ನಿಮ್ಮ ಅತ್ತೆಯವರಲ್ಲಿ ಒಂದು ಕೇಳಬೇಕಿತ್ತು. ತಪ್ಪು ಹುಡುಕಲು ಅಲ್ಲ, ನನಗೆ ಕಲಿಯಬೇಕು. ಬದನೆಯ ಹೂವಿಗೆ ದುಂಬಿ ಬರುತ್ತದೆ. ಹತ್ತಿರದಲ್ಲಿ ಬೇರೆ ಬದನೆ ಇದ್ದರೆ ಬೀಜ ಬೆರಕೆ ಆಗುತ್ತದೆ. ಇಷ್ಟು ವರ್ಷ ಅವರು ಬೀಜವನ್ನು ಹೇಗೆ ಕಾಪಾಡಿದರು? ಈಗಿನ ಕಾಯಿ ಹೇಗಿದೆ? ಉರುಟಾಗಿ, ತಿಳಿ ಹಸಿರು ಬಣ್ಣ, ತೊಟ್ಟಿನಲ್ಲಿ ಮುಳ್ಳು, ಹಾಗೆಯೇ ಉಂಟಾ?

---

ಟೆರೇಸ್_ಮನೋಳಿ · ಸುರತ್ಕಲ್ · ಮಂಗಳವಾರ ಮಧ್ಯಾಹ್ನ 2:33

ಯಾರು ಇದು, ಹಾರೆ ಮಾವನ ಫೋನಿನಿಂದ ಬರೆಯುವುದು?

---

ಬ್ರಹ್ಮಾವರದ_ಸೊಸೆ · ಬ್ರಹ್ಮಾವರ · ಮಂಗಳವಾರ ಸಂಜೆ 5:20

ಹಾರೆಯವರೆ, ಈ ಪ್ರಶ್ನೆ ಓದಿದ ಮೇಲೆ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ಕುರ್ಚಿ ಎಳೆದು ಕೂತರು. ಅರ್ಧ ಗಂಟೆ ಹೇಳಿದ್ದಾರೆ, ನಾನು ಸಣ್ಣದು ಮಾಡಿ ಬರೆಯುತ್ತೇನೆ.

ಬೀಜಕ್ಕೆ ಅಂತ ಒಂದು ಗಿಡ ಬೇರೆಯೇ ಇಡುತ್ತಾರೆ, ಬಾವಿಯ ಆಚೆ. ಹೂ ಬಿರಿಯುವ ಮೊದಲು ಹಳೇ ಪಂಚೆಯ ತೆಳ್ಳಗಿನ ತುಂಡಿನಲ್ಲಿ ಸಡಿಲವಾಗಿ ಕಟ್ಟುತ್ತಾರೆ. ಒಳಗೇ ಕಾಯಿ ಕಚ್ಚುತ್ತದೆ. ಆಮೇಲೆ ಬಟ್ಟೆ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ಕೆಂಪು ನೂಲು. ಕೆಂಪು ನೂಲಿನ ಕಾಯಿ ಮುಟ್ಟಿದರೆ ಮನೆಯಲ್ಲಿ ಯಾರಿಗೂ ಉಳಿಗಾಲ ಇಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಗೊತ್ತಿಲ್ಲದೆ ಕೊಯ್ದು ಹುಳಿ ಮಾಡಿದ್ದೆ. (ಬೈದರಾ ಅಂತ ಕೇಳಬೇಡಿ.) ಕಾಯಿ ಗಿಡದಲ್ಲೇ ಬಲಿತು ಹಳದಿ ಆಗಬೇಕು. ಆಮೇಲೆ ಕೊಯ್ದು, ಬೀಜ ತೆಗೆದು ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಿನಲ್ಲಿ ಒಣಗಿಸಿ, ಬೂದಿ ಕಲಸಿ ಇಡುವುದು.

ಎರಡು ವರ್ಷ ಕಾಯಿ ಉದ್ದ ಉದ್ದ ಬಂತಂತೆ. ಆ ಬೀಜ ಇಡಲಿಲ್ಲ. ತವರಿಗೆ ಹೋಗಿ ಮತ್ತೆ ತಂದರು. ಈಗ ಉರುಟು, ತಿಳಿ ಹಸಿರು. ಮುಳ್ಳು ಉಂಟಾ ಅಂತ ಕೇಳಿದ್ದಕ್ಕೆ ತಮ್ಮ ಬೆರಳು ತೋರಿಸಿದರು.

ಕಲ್ಸಂಕದವರಿಗೆ ಹೇಳಲು ಹೇಳಿದ್ದಾರೆ: ಸಸಿ ತುಂಬಾ ಎಳೆಯದಿರುವಾಗ ಕಿತ್ತು ನೆಡಬೇಡಿ, ಒಂದು ತಿಂಗಳಾದರೂ ಪಾತಿಯಲ್ಲೇ ಇರಲಿ. ನೆಟ್ಟ ಮೇಲೆ ಎರಡು ದಿನ ನೆರಳು ಕೊಡಿ. 26 ಸಸಿ ನಿಮಗೊಬ್ಬರಿಗೆ ಜಾಸ್ತಿ ಆಯಿತು, ಹತ್ತು ಇಟ್ಟುಕೊಂಡು ಉಳಿದದ್ದು ಹಂಚಿ. ಮೊದಲು ಆ ಹಾಸನದ ಹುಡುಗನಿಗೆ ಕೊಡಿ, ಅವತ್ತು ಬರೀ ಕೈಯಲ್ಲಿ ಹೋಗಿದ್ದಾನಲ್ಲ.

ಮತ್ತೆ ಚೀಲ ಬೇಕಂತೆ. ಅದನ್ನು ಅವರ ತಂಗಿ ಹೊಲಿದು ಕೊಟ್ಟದ್ದು. ಮುಂದಿನ ಕೂಟ ಎಲ್ಲಿ, ಎಷ್ಟು ಗಂಟೆಗೆ ಅಂತ ಕೇಳುತ್ತಿದ್ದಾರೆ. ವಾಪಸ್ ಬರುವ ಬಸ್ಸು ಸಿಗುತ್ತದಾ ಅಂತಲೂ.

---

ಮುರಕಲ್ಲು_ಅಂಗಳ · ಉಡುಪಿ · ಮಂಗಳವಾರ ಸಂಜೆ 5:31

ಮುಂದಿನ ತಿಂಗಳ ಮೊದಲ ಭಾನುವಾರ, ಕಟಪಾಡಿಯಲ್ಲಿ ಕುದನೆಯವರ ಮನೆ, ಬೆಳಿಗ್ಗೆ 10 ಗಂಟೆ. ಬಸ್ಸು ಬೇಡ ಅಂತ ಹೇಳಿ. ಬ್ರಹ್ಮಾವರಕ್ಕೆ ನಾನೇ ಕಾರು ತರುತ್ತೇನೆ. ಕಟಪಾಡಿಯಿಂದ ಮಟ್ಟು ಹತ್ತಿರವೇ. ಕೂಟ ಮುಗಿದ ಮೇಲೆ ಅಮ್ಮನಿಗೆ ತವರಿಗೆ ಹೋಗಬೇಕು ಅಂತಿದ್ದರೆ ಹೋಗಿ ಬರುವ. ಇದು ನಿಜವಾದ "ಹೋಗಿ ಬರುವ", ಆ "ನೋಡುವ"ದ ಹಾಗೆ ಅಲ್ಲ.